ಅಜ್ಜಿಯ ನೆನಪಿಗೆ ಮುಂಗೈ ಮೇಲೊಂದು ಶಿಲುಬೆ: ಹಚ್ಚೆ ಪಾಪವೇ?

ಪ್ರಶ್ನೆ: ನನ್ನ ಮಗನಿಗೆ 21 ವರ್ಷ, ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ನಮ್ಮತ್ತೆ ಆರು ತಿಂಗಳ ಹಿಂದೆ ತೀರಿಕೊಂಡರು. ಅವರ ನೆನಪಿಗೆ ಮುಂಗೈ ಮೇಲೆ ಒಂದು ಶಿಲುಬೆ, ಅದರ ಕೆಳಗೆ ಅಜ್ಜಿಯ ಹೆಸರು ಹಚ್ಚೆ ಹಾಕಿಸಿಕೊಳ್ಳುತ್ತೇನೆ ಅನ್ನುತ್ತಾನೆ. ನಮ್ಮ ಸಭಾಪಾಲಕರು ಬೈಬಲಿನ ಯಾಜಕಕಾಂಡ 19:28 ತೆಗೆದು ತೋರಿಸಿ, ಇದು ಪಾಪ, ದೇಹ ದೇವರ ಆಲಯ, ಅದನ್ನು ಕೆಡಿಸಬಾರದು ಅಂದರು. ಕೆಥೋಲಿಕ್ ಮನೆಗೆ ಕೊಟ್ಟಿರುವ ನನ್ನ ಅಕ್ಕ, ಶಿಲುಬೆ ತಾನೇ, ಇದರಲ್ಲೇನು ತಪ್ಪು ಅನ್ನುತ್ತಾಳೆ. ನಮ್ಮತ್ತೆಯ ಕೈ ಮೇಲೂ ಹಸಿರು ಹಚ್ಚೆ ಇತ್ತು. ಆದರೆ ಅವರು ಕೊನೆಯವರೆಗೂ ಭಾನುವಾರದ ಆರಾಧನೆ ತಪ್ಪಿಸಿದವರಲ್ಲ. ಮಗ ಅದನ್ನೇ ಹಿಡಿದುಕೊಂಡು, "ಹಾಗಾದ್ರೆ ಅಜ್ಜಿ ಪಾಪಿಯಾ?" ಅಂತ ಕೇಳುತ್ತಾನೆ. ನಾನು ಏನು ಹೇಳಲಿ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಮಗನ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಅವನ ಅಜ್ಜಿಯ ಕೈ ಮೇಲಿದ್ದ ಹಚ್ಚೆ ಪಾಪವಲ್ಲ. ಅವನು ಹಾಕಿಸಿಕೊಳ್ಳಬೇಕೆಂದಿರುವ ಶಿಲುಬೆಯೂ ತನ್ನಷ್ಟಕ್ಕೆ ಪಾಪವಲ್ಲ. ಹಾಗಂತ ನಿಮ್ಮ ಸಭಾಪಾಲಕರು ತೋರಿಸಿದ ವಚನವನ್ನು "ಅದು ಹಳೇ ಕಾಲದ್ದು" ಎಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಹಳೆಯ ಒಡಂಬಡಿಕೆಯನ್ನು ಪಾಠ ಹೇಳುವವನಾಗಿ ನಾನು ಗಮನಿಸಿರುವುದು ಇದು: ಹಚ್ಚೆಯ ಬಗ್ಗೆ ಕೇಳುವ ಹೆಚ್ಚಿನವರಿಗೆ ಆ ವಚನ ದೂರದ್ದು. ನಿಮ್ಮ ಮಗನಿಗೆ ಮಾತ್ರ ಅದು ಹತ್ತಿರದ್ದು. ಸತ್ತವರಿಗಾಗಿ ದೇಹವನ್ನು ಗಾಯ ಮಾಡಿಕೊಳ್ಳಬಾರದು, ಹಚ್ಚೆ ಚುಚ್ಚಿಸಿಕೊಳ್ಳಬಾರದು, ನಾನು ಯೆಹೋವನು ಎಂಬುದು ಅದರ ಸಾರ. ನಿಮ್ಮ ಮಗ ಹಚ್ಚೆ ಹಾಕಿಸಿಕೊಳ್ಳಲು ಹೊರಟಿರುವುದು ತೀರಿಕೊಂಡ ಅಜ್ಜಿಗಾಗಿಯೇ. ಅದಕ್ಕೇ ನಿಧಾನವಾಗಿ ಓದೋಣ.

ಮೊದಲು ಆ ವಚನದ ಅಕ್ಕಪಕ್ಕ ನೋಡಿ. ಯಾಜಕಕಾಂಡ 19 ಇಡೀ ಸತ್ಯವೇದದ ಅತ್ಯಂತ ತುಂಬಿದ ಅಧ್ಯಾಯಗಳಲ್ಲೊಂದು. ತಂದೆತಾಯಿಗೆ ಗೌರವ ಕೊಡಿ, ಕೊಯ್ಲಿನ ವೇಳೆ ಹೊಲದ ಅಂಚನ್ನು ಬಡವರಿಗೆ ಬಿಡಿ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ, ಕಿವುಡನನ್ನು ಬೈಯಬೇಡಿ, ತಕ್ಕಡಿಯಲ್ಲಿ ಮೋಸ ಮಾಡಬೇಡಿ. ಯೇಸುಸ್ವಾಮಿ ಎರಡನೆಯ ದೊಡ್ಡ ಆಜ್ಞೆ ಎಂದು ಹೇಳಿದ "ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬ ಮಾತೂ ಇದೇ ಅಧ್ಯಾಯದ 18ನೇ ವಚನ. ಅದರ ಮರುವಚನದಲ್ಲಿ ಒಂದೇ ಹೊಲಕ್ಕೆ ಎರಡು ಬಗೆಯ ಬೀಜ ಬಿತ್ತಬಾರದು, ಎರಡು ಬಗೆಯ ನೂಲಿನ ಬಟ್ಟೆ ಉಡಬಾರದು ಎಂದಿದೆ. ಹಚ್ಚೆಯ ವಚನಕ್ಕೆ ಸ್ವಲ್ಪ ಮುಂಚೆ, ಕೆನ್ನೆಯ ಪಕ್ಕದ ಕೂದಲನ್ನು ದುಂಡಗೆ ಕತ್ತರಿಸಬಾರದು, ಗಡ್ಡದ ಅಂಚನ್ನು ಕೆಡಿಸಬಾರದು ಎಂದಿದೆ.

ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ವಿಶ್ವಾಸಿಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರನ್ನು ಯಾರೂ ಸಭೆಯಲ್ಲಿ ನಿಲ್ಲಿಸಿ ಕೇಳಿಲ್ಲ. ನುಣ್ಣಗೆ ಗಡ್ಡ ಬೋಳಿಸಿಕೊಂಡು ಪ್ರಸಂಗಪೀಠಕ್ಕೆ ಬರುವವರನ್ನೂ ಕೇಳಿಲ್ಲ. ಕೇಳದಿರುವುದೇ ಸರಿ. ಅಂದರೆ ಆ ಅಧ್ಯಾಯದಲ್ಲಿ ಯಾವುದು ಎಂದೆಂದಿಗೂ ಉಳಿಯುವ ಆಜ್ಞೆ, ಯಾವುದು ಇಸ್ರಾಯೇಲನ್ನು ಅಂದಿನ ಸುತ್ತಲ ಜನರಿಂದ ಬೇರೆಯಾಗಿಡಲು ಕೊಟ್ಟ ಕಟ್ಟಳೆ ಎಂಬ ವಿವೇಚನೆಯನ್ನು ನಾವೆಲ್ಲ ಈಗಾಗಲೇ ಮಾಡುತ್ತಿದ್ದೇವೆ. ಹಚ್ಚೆಯ ವಚನವೊಂದಕ್ಕೆ ಮಾತ್ರ ಆ ವಿವೇಚನೆ ಬೇಡ ಅನ್ನುವುದು ನ್ಯಾಯವಲ್ಲ.

ಹಾಗಾದರೆ ಅಂದು ಆ ಕಟ್ಟಳೆ ಯಾಕೆ ಬಂತು? ಮೈ ಕೊಯ್ದುಕೊಳ್ಳುವ ಮೊದಲರ್ಧದ ಬಗ್ಗೆ ನಮಗೆ ಚೆನ್ನಾಗಿ ಗೊತ್ತು. ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ಎಂಬ ಹಳೆಯ ಪಟ್ಟಣದ ಅವಶೇಷವಿದೆ. 1929ರಲ್ಲಿ ಉತ್ಖನನ ಶುರುವಾದ ಮೇಲೆ ಅಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಇಸ್ರಾಯೇಲ್ಯರ ನೆರೆಯವರಾದ ಕಾನಾನ್ಯರ ದೇವರ ಕಥೆಗಳಿವೆ. ಆ ದೇವರುಗಳಲ್ಲೊಬ್ಬನಾದ ಬಾಳನು ಸತ್ತನೆಂಬ ಸುದ್ದಿ ಕೇಳಿದ ಹಿರಿಯ ದೇವರು ಏಲ್ ಸಿಂಹಾಸನದಿಂದ ಇಳಿದು, ನೆಲದ ಮೇಲೆ ಕೂತು, ತಲೆಗೆ ಮಣ್ಣು ಹಾಕಿಕೊಂಡು, ಕಲ್ಲಿನಿಂದ ತನ್ನ ಕೆನ್ನೆ, ತೋಳು, ಎದೆ ಗೀರಿಕೊಳ್ಳುತ್ತಾನೆ. ದೇವರೇ ಹಾಗೆ ಅತ್ತ ಮೇಲೆ ಜನ ಬಿಡುತ್ತಾರೆಯೇ? ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ತಮ್ಮ ದೇವರನ್ನು ಒಲಿಸಲು ರಕ್ತ ಸುರಿಯುವ ತನಕ ಕೊಯ್ದುಕೊಂಡದ್ದನ್ನು ಒಂದನೆಯ ಅರಸುಗಳ 18ನೇ ಅಧ್ಯಾಯದಲ್ಲಿ ಓದುತ್ತೇವೆ. ಇಸ್ರಾಯೇಲ್ಯರೂ ಇದರಿಂದ ದೂರ ಇರಲಿಲ್ಲ. ಯೆರೆಮೀಯ 41ರಲ್ಲಿ ಗಡ್ಡ ಬೋಳಿಸಿ, ಬಟ್ಟೆ ಹರಿದು, ಮೈ ಗಾಯ ಮಾಡಿಕೊಂಡ ಎಂಬತ್ತು ಮಂದಿ ಕಾಣಿಕೆ ಹಿಡಿದುಕೊಂಡು ಯೆಹೋವನ ಆಲಯದ ಕಡೆಗೇ ಬರುತ್ತಾರೆ.

ಧರ್ಮೋಪದೇಶಕಾಂಡ 14:1 ಇದೇ ನಿಷೇಧವನ್ನು ಮತ್ತೊಮ್ಮೆ ಹೇಳುವಾಗ ಕಾರಣವನ್ನೂ ಕೊಡುತ್ತದೆ: ನೀವು ನಿಮ್ಮ ದೇವರಾದ ಯೆಹೋವನ ಮಕ್ಕಳು. ನನಗೆ ಇಡೀ ವಿಷಯದ ತಿರುಳು ಇಲ್ಲಿದೆ. ಮಗುವಾದವನು ತಂದೆಯ ಗಮನ ಸೆಳೆಯಲು ರಕ್ತ ಹರಿಸಬೇಕಾಗಿಲ್ಲ. ಸತ್ತವರ ಜತೆ ತಾನೂ ಅರ್ಧ ಸತ್ತು ತೋರಿಸಬೇಕಾಗಿಲ್ಲ. ಅಳಬಾರದೆಂದು ಎಲ್ಲೂ ಹೇಳಿಲ್ಲ. ಲಾಜರನ ಗೋರಿಯ ಹತ್ತಿರ ಯೇಸುಸ್ವಾಮಿಯೇ ಕಣ್ಣೀರು ಬಿಟ್ಟರು. ದುಃಖಕ್ಕೆ ಮೈಯನ್ನು ಬಲಿ ಕೊಡಬೇಡ ಅನ್ನುವುದು ಆಜ್ಞೆ.

ಇನ್ನು ಹಚ್ಚೆ ಎಂಬ ಎರಡನೆಯ ಅರ್ಧ. ಇದು ಸಾವಿನ ಆಚರಣೆಗೆ ಸೇರಿದ್ದೋ ಬೇರೆಯದೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಂದಿನ ಮಧ್ಯಪ್ರಾಚ್ಯದಲ್ಲಿ ಚರ್ಮದ ಮೇಲೆ ಬರೆಯುವುದಕ್ಕೆ ಒಂದು ಖಚಿತವಾದ ಉಪಯೋಗವಿತ್ತು: ಇವನು ಯಾರ ಆಳು ಎಂದು ಗುರುತು ಹಾಕುವುದು. ನೈಲ್ ನದಿಯ ಎಲೆಫೆಂಟೈನ್ ದ್ವೀಪದಲ್ಲಿ ಯೆಹೂದಿಗಳದೇ ಒಂದು ವಸಾಹತು ಇತ್ತು. ಕ್ರಿಸ್ತಪೂರ್ವ 5ನೇ ಶತಮಾನದ ಕೊನೆಯಲ್ಲಿ ಅಲ್ಲಿ ಬರೆದ ಆಸ್ತಿ ಪಾಲಿನ ಪತ್ರವೊಂದು ಉಳಿದುಕೊಂಡಿದೆ. ಅಣ್ಣತಮ್ಮಂದಿರು ತಾಯಿಯ ಗುಲಾಮರನ್ನು ಹಂಚಿಕೊಳ್ಳುವಾಗ, ಇಂಥ ಗುಲಾಮನ ಬಲಗೈ ಮೇಲೆ ನಮ್ಮ ತಾಯಿಯ ಹೆಸರಿನ ಗುರುತಿದೆ ಎಂದು ಅದರಲ್ಲಿ ಬರೆಸಿದ್ದಾರೆ. ಐಗುಪ್ತದ (ಈಜಿಪ್ಟಿನ) ಬಿಟ್ಟಿ ಚಾಕರಿಯಿಂದ ಬಿಡುಗಡೆಯಾಗಿ ಬಂದ ಜನರಿಗೆ, ನಿಮ್ಮ ಮೈ ಮೇಲೆ ಬೇರೆ ಒಡೆಯರ ಗುರುತು ಬೇಡ, ನಾನು ಯೆಹೋವನು ಎಂದು ಹೇಳಿದರೆ ಅದರ ತೂಕವೇ ಬೇರೆ.

ಈ ಓದು ಸರಿ ಎಂದು ನನಗೆ ಅನ್ನಿಸುವುದಕ್ಕೆ ಪ್ರವಾದಿ ಯೆಶಾಯನ ಒಂದು ಮಾತು ಕಾರಣ. 44ನೇ ಅಧ್ಯಾಯದ 5ನೇ ವಚನದಲ್ಲಿ, ದೇವರ ಕಡೆಗೆ ತಿರುಗಿದವನೊಬ್ಬ ತನ್ನ ಕೈಯ ಮೇಲೆ "ಯೆಹೋವನವನು" ಎಂದು ಬರೆದುಕೊಳ್ಳುತ್ತಾನೆ. ಪ್ರವಾದಿ ಅದನ್ನು ಸಂತೋಷದಿಂದ ಹೇಳುತ್ತಾನೆ. ಬರೆದದ್ದು ಸೂಜಿಯಿಂದಲೋ ಬರೀ ಮಸಿಯಿಂದಲೋ ಎಂದು ವಚನ ಹೇಳುವುದಿಲ್ಲ. ಆದರೆ ಮೈ ಮೇಲೆ ಗುಲಾಮನ ಗುರುತಿನ ರೀತಿಯಲ್ಲೇ ದೇವರ ಹೆಸರು ಹಾಕಿಕೊಳ್ಳುವುದು ಅವನಿಗೆ ಅಸಹ್ಯವಾಗಿ ಕಂಡಿಲ್ಲ. ಐದು ಅಧ್ಯಾಯ ದಾಟಿದರೆ ದೇವರೇ ಮಾತಾಡುತ್ತಾರೆ: ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ.

ಹೊಸ ಒಡಂಬಡಿಕೆಗೆ ಬಂದರೆ ಹಚ್ಚೆಯ ಬಗ್ಗೆ ನೇರವಾದ ಒಂದು ಮಾತೂ ಇಲ್ಲ. ಮೋಶೆಯ ಕಟ್ಟಳೆಗಳಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳು ಯಾವುದನ್ನು ಪಾಲಿಸಬೇಕು ಎಂದು ಯೆರೂಸಲೇಮಿನಲ್ಲಿ ಸೇರಿ ಚರ್ಚಿಸಿದ ಅಪೊಸ್ತಲರು ನಾಲ್ಕನ್ನು ಹೆಸರಿಸಿದರು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ. ಅದಕ್ಕಿಂತ ಹೆಚ್ಚಿನ ಹೊರೆ ಹಾಕುವುದಿಲ್ಲ ಎಂದೂ ಬರೆದರು. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿ ನೋಡಿ.

"ದೇಹ ದೇವರ ಆಲಯ" ಎಂಬ ಮಾತಿಗೆ ನಾನು ಹೆಚ್ಚು ಹೊತ್ತು ನಿಲ್ಲಬೇಕು. ನಿಮ್ಮ ಸಭಾಪಾಲಕರು ಹೇಳಿದ್ದರಲ್ಲಿ ಅತಿ ಮುಖ್ಯವಾದದ್ದು ಅದೇ, ಮತ್ತು ನಮ್ಮಲ್ಲಿ ಅತಿ ಸಪ್ಪೆಯಾಗಿ ಬಳಕೆಯಾಗುವುದೂ ಅದೇ. ಅಪೊಸ್ತಲ ಪೌಲನು ಅದನ್ನು ಬರೆದದ್ದು ಕೊರಿಂಥದವರಿಗೆ. ಎರಡು ರೇವುಗಳ ನಡುವಿನ ವ್ಯಾಪಾರದ ಪಟ್ಟಣ ಅದು. ಅಲ್ಲಿನ ಕೆಲವು ವಿಶ್ವಾಸಿಗಳು, ಆತ್ಮ ರಕ್ಷಣೆ ಹೊಂದಿದ ಮೇಲೆ ದೇಹ ಏನು ಮಾಡಿದರೇನು, ಹೊಟ್ಟೆಗೆ ಊಟ ಬೇಕಾದಂತೆ ಇದೂ ಒಂದು ಎಂದುಕೊಂಡು ಸೂಳೆಗೇರಿಗೆ ಹೋಗುತ್ತಿದ್ದರು. ಪೌಲನು ಅವರಿಗೆ ಕೊಟ್ಟ ಉತ್ತರ, ದೇಹ ಬಿಸಾಡುವ ವಸ್ತುವಲ್ಲ ಎಂಬುದು. ಅದು ಕರ್ತನದು, ಕ್ರಿಸ್ತನನ್ನು ಎಬ್ಬಿಸಿದ ದೇವರು ಅದನ್ನೂ ಎಬ್ಬಿಸುವರು, ಪವಿತ್ರಾತ್ಮನು ಅದರಲ್ಲಿ ವಾಸಿಸುತ್ತಾನೆ, ಕ್ರಯ ಕೊಟ್ಟು ನಿಮ್ಮನ್ನು ಕೊಂಡುಕೊಂಡಿದ್ದಾರೆ, ಆದ್ದರಿಂದ ನಿಮ್ಮ ದೇಹದಲ್ಲಿ ದೇವರನ್ನು ಮಹಿಮೆಪಡಿಸಿ. ಅವನ ವಾದ ಚರ್ಮ ಬರಿದಾಗಿರಬೇಕು ಎಂಬುದಲ್ಲ. ಈ ಮೈಯನ್ನು ಯಾರಿಗೆ ಕೊಡುತ್ತೀರಿ, ಯಾವುದಕ್ಕೆ ದುಡಿಸುತ್ತೀರಿ ಎಂಬುದು.

ಹಾಗೆ ಓದಿದರೆ ಆ ವಚನ ನಮ್ಮ ಸಭೆಗಳಲ್ಲಿ ಹಚ್ಚೆಗಿಂತ ಎಷ್ಟೋ ಆಳದ ಕಡೆ ಕೈ ಹಾಕುತ್ತದೆ. ಹೆಣ್ಣು ನೋಡಲು ಬಂದವರು ಬಣ್ಣ ಕಪ್ಪು ಎಂದು ಎದ್ದುಹೋದಾಗ ಆ ಹುಡುಗಿಗೆ ಸಹಾಯಕ್ಕೆ ಬರಬೇಕಾದ ವಚನ ಅದು. ಬಿಳುಪಿನ ಕ್ರೀಮು ಹಚ್ಚಿ ಹಚ್ಚಿ ಮುಖ ಸುಟ್ಟುಕೊಂಡ ನಮ್ಮ ಹೆಣ್ಣುಮಕ್ಕಳಿಗೆ "ದೇಹ ದೇವರ ಆಲಯ" ಎಂದು ಹೇಳಿದವರು ಎಷ್ಟು ಮಂದಿ? ದಿನಾ ಕುಡಿದು ಬಂದು ಹೆಂಡತಿಯ ಮೈ ಮುಟ್ಟಿ ಹೊಡೆಯುವವನು ಕೆಡಿಸುತ್ತಿರುವುದು ಎರಡು ಆಲಯಗಳನ್ನು. ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸದ ದೇವಾಲಯ ಕಮಿಟಿಗೂ ಈ ವಚನ ಸಲ್ಲುತ್ತದೆ. ನಿಮ್ಮ ಮಗನ ಮುಂಗೈ ಮೇಲಿನ ಎರಡಂಗುಲದ ಶಿಲುಬೆಗೆ ಅದನ್ನು ಬಳಸಿ ಉಳಿದೆಲ್ಲದಕ್ಕೆ ಸುಮ್ಮನಿದ್ದರೆ ವಚನವನ್ನು ಕುಗ್ಗಿಸಿದಂತಾಗುತ್ತದೆ. ಇದನ್ನು ಹೇಳುವಾಗ ನನಗೆ ನೋವಿದೆ, ಯಾಕೆಂದರೆ ಯುವಕರು ಸಭೆ ಬಿಟ್ಟುಹೋಗುವುದು ಇಂಥ ಅಳತೆಗಳಿಂದಲೇ.

ಸಭೆಯ ಇತಿಹಾಸ ಏನು ಹೇಳುತ್ತದೆ? ರೋಮನ್ನರು ಹಚ್ಚೆ ಹಾಕುತ್ತಿದ್ದದ್ದು ಮುಖ್ಯವಾಗಿ ಗುಲಾಮರಿಗೆ, ಅಪರಾಧಿಗಳಿಗೆ, ಅದೂ ಹಣೆಯ ಮೇಲೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 316ರ ಸುಮಾರಿಗೆ ಅಪರಾಧಿಗಳ ಮುಖದ ಮೇಲೆ ಹಚ್ಚೆ ಹಾಕಬಾರದೆಂದು ಆಜ್ಞೆ ಹೊರಡಿಸಿದ. ಮುಖ ಸ್ವರ್ಗೀಯ ಸೌಂದರ್ಯದ ಹೋಲಿಕೆಯಲ್ಲಿ ಉಂಟಾದದ್ದು ಎಂಬುದು ಅವನು ಕೊಟ್ಟ ಕಾರಣ. ಕೈ, ಮೀನಖಂಡದ ಮೇಲೆ ಹಾಕಲು ಅಡ್ಡಿಯಿರಲಿಲ್ಲ. ಇನ್ನೂರು ವರ್ಷಗಳ ಬಳಿಕ ಗಾಜಾದ ಪ್ರೊಕೋಪಿಯಸ್ ಎಂಬ ವ್ಯಾಖ್ಯಾನಕಾರ, ಮೇಲೆ ಹೇಳಿದ ಯೆಶಾಯನ ವಚನವನ್ನು ವಿವರಿಸುತ್ತ, ಅನೇಕ ಕ್ರೈಸ್ತರು ಮಣಿಕಟ್ಟಿನ ಮೇಲೋ ತೋಳಿನ ಮೇಲೋ ಶಿಲುಬೆಯ ಗುರುತು ಅಥವಾ ಕ್ರಿಸ್ತನ ಹೆಸರು ಹಾಕಿಸಿಕೊಳ್ಳುತ್ತಾರೆ ಎಂದು ಬರೆದ. ಶಿಕ್ಷೆಯ ಗುರುತನ್ನು ವಿಶ್ವಾಸಿಗಳು ತಾವಾಗಿಯೇ ಭಕ್ತಿಯ ಗುರುತು ಮಾಡಿಕೊಂಡಿದ್ದರು.

ಐಗುಪ್ತದ ಕೋಪ್ಟಿಕ್ ಕ್ರೈಸ್ತರಲ್ಲಿ ಇದು ಇಂದಿಗೂ ನಡೆದು ಬಂದಿದೆ. ಬಲಗೈ ಮಣಿಕಟ್ಟಿನ ಒಳಮೈಯಲ್ಲಿ, ನಾಡಿ ಮಿಡಿಯುವ ಕಡೆ, ನೀಲಿ ಹಸಿರಿನ ಒಂದು ಚಿಕ್ಕ ಶಿಲುಬೆ. ಎಷ್ಟೋ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ, ಸಂತರ ಹಬ್ಬಗಳಲ್ಲಿ, ಮಠಗಳ ಬಾಗಿಲಲ್ಲಿ ಹಾಕಿಸುತ್ತಾರೆ. ಅಲ್ಪಸಂಖ್ಯಾತರಾಗಿ ಬದುಕುವ ಅವರಿಗೆ ಅದು ಒಡವೆಯಲ್ಲ. ದಾಳಿಯ ಭಯವಿರುವ ದಿನಗಳಲ್ಲಿ ದೇವಾಲಯದ ಬಾಗಿಲಲ್ಲಿ ಕಾವಲಿನವರಿಗೆ ಮಣಿಕಟ್ಟು ತೋರಿಸಿ ಒಳಗೆ ಹೋಗುತ್ತಾರೆ. ಅದೇ ಶಿಲುಬೆ ಹೊರಗಿನ ಬೀದಿಯಲ್ಲಿ ಅವರನ್ನು ಗುರುತಿಸಿಕೊಡುತ್ತದೆ, ಅಪಾಯಕ್ಕೂ ಒಡ್ಡುತ್ತದೆ. ಅಳಿಸಿ ಅಡಗಿಸಿಡಲು ಆಗದ್ದನ್ನು ಬೇಕೆಂದೇ ಹಾಕಿಸಿಕೊಳ್ಳುವ ಆ ಧೈರ್ಯದ ಮುಂದೆ ನನಗೆ ಗೌರವವಲ್ಲದೆ ಬೇರೇನೂ ಹುಟ್ಟುವುದಿಲ್ಲ.

ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ, ಯಾಫಾ ಬಾಗಿಲಿನ ಹತ್ತಿರ, ರಝ್ಝೂಕ್ ಎಂಬ ಕೋಪ್ಟಿಕ್ ಮನೆತನ ಯಾತ್ರಿಕರಿಗೆ ಹಚ್ಚೆ ಹಾಕುತ್ತ ಬಂದಿದೆ. 700 ವರ್ಷಗಳಿಂದ ಇದು ತಮ್ಮ ಕಸುಬು ಎಂದು ಆ ಮನೆಯವರು ಹೇಳುತ್ತಾರೆ. ಅವರ ಹತ್ತಿರ ಮರದಲ್ಲಿ ಕೆತ್ತಿದ ಹಳೆಯ ಅಚ್ಚುಗಳಿವೆ: ಯೆರೂಸಲೇಮ್ ಶಿಲುಬೆ, ಪುನರುತ್ಥಾನ, ಕುದುರೆ ಏರಿದ ಸಂತ ಜಾರ್ಜ್. ಅಚ್ಚನ್ನು ಮಸಿಗೆ ಅದ್ದಿ ತೋಳಿನ ಮೇಲೆ ಒತ್ತುತ್ತಾರೆ, ಮೂಡಿದ ಗೆರೆಯ ಮೇಲೆ ಸೂಜಿ ಆಡಿಸುತ್ತಾರೆ. ಯಾತ್ರೆಯ ವರ್ಷವನ್ನೂ ಕೆಳಗೆ ಬರೆಸಿಕೊಳ್ಳುವ ರೂಢಿಯಿತ್ತು. ಮುಂದೆ ಬ್ರಿಟನ್ನಿನ ದೊರೆಯಾದ 7ನೇ ಎಡ್ವರ್ಡ್ 1862ರಲ್ಲಿ ರಾಜಕುಮಾರನಾಗಿ ಯೆರೂಸಲೇಮಿಗೆ ಹೋದಾಗ ತೋಳಿನ ಮೇಲೆ ಶಿಲುಬೆ ಹಾಕಿಸಿಕೊಂಡೇ ಬಂದ. ಇಥಿಯೋಪಿಯಾದ ಹೆಂಗಸರ ಹಣೆಯ ಮೇಲೆ, ಬೋಸ್ನಿಯಾದ ಕೆಥೋಲಿಕ್ ಹೆಂಗಸರ ಕೈಬೆರಳು ಮುಂಗೈಗಳ ಮೇಲೆ ಶಿಲುಬೆಯ ಹಚ್ಚೆಗಳಿವೆ.

ವಿರೋಧವೂ ಇತ್ತು. ಇಂಗ್ಲೆಂಡಿನ ಉತ್ತರದ ನಾರ್ತಂಬ್ರಿಯಾಕ್ಕೆ 786ರ ಸುಮಾರಿಗೆ ಬಂದ ಪೋಪರ ಪ್ರತಿನಿಧಿಗಳು ಅಲ್ಲಿನ ಜನ ಹಳೆಯ ಅನ್ಯಧರ್ಮದ ರೂಢಿಯಂತೆ ಮೈಗೆ ಬಣ್ಣ ಚುಚ್ಚಿಸಿಕೊಳ್ಳುವುದನ್ನು ಖಂಡಿಸಿದರು. ಆದರೆ ಅವರ ವರದಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತದೆ: ದೇವರಿಗಾಗಿ ಈ ನೋವನ್ನು ಸಹಿಸಿದವನಿಗೆ ಪ್ರತಿಫಲ ಉಂಟು, ಅನ್ಯರ ಮೂಢನಂಬಿಕೆಯಿಂದ ಮಾಡಿಸಿಕೊಂಡವನಿಗೆ ಪ್ರಯೋಜನವಿಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಅವರು ಗುರುತನ್ನಲ್ಲ, ಗುರುತಿನ ಅರ್ಥವನ್ನು ತೂಗಿದರು. ನಮ್ಮ ದೇಶದಲ್ಲೇ ನಾಗಾಲ್ಯಾಂಡಿನ ಕೊನ್ಯಾಕ್ ಬುಡಕಟ್ಟಿನವರ ಮುಖದ ಹಚ್ಚೆಯನ್ನು ಬ್ಯಾಪ್ಟಿಸ್ಟ್ ಸಭೆಗಳು ಬಿಡಿಸಿದವು. ಆ ಹಚ್ಚೆ ಶತ್ರುವಿನ ತಲೆ ತಂದದ್ದರ ಗುರುತಾಗಿತ್ತು. ಕ್ರಿಸ್ತನ ಸಮಾಧಾನವನ್ನು ಸಾರುವವರು ಅದನ್ನು ಮುಂದುವರಿಸಿರಿ ಅನ್ನಲು ಹೇಗೆ ಸಾಧ್ಯ?

ಇದೇ ತೂಕದಿಂದ ನಿಮ್ಮತ್ತೆಯವರ ಹಚ್ಚೆಯನ್ನೂ ನೋಡಿ. ನಮ್ಮ ಹಳ್ಳಿಗಳಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದ ಹಚ್ಚೆಯವಳು ಜಗಲಿ ಮೇಲೆ ಕೂತು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಶಿನ ಒತ್ತುತ್ತಿದ್ದಳು. ಕಪ್ಪು ಮಸಿ ಚರ್ಮದ ಅಡಿಗೆ ಹೋದ ಮೇಲೆ ಹಸಿರಾಗಿ ಕಾಣುತ್ತದೆ. ಚಿನ್ನ ಬೆಳ್ಳಿ ಕಾಣದ ಹೆಣ್ಣುಮಕ್ಕಳಿಗೆ ಅದೇ ಬಳೆ, ಅದೇ ಒಡವೆ. ಹೋಗುವಾಗ ಜತೆಗೆ ಬರುವುದು ಅದೊಂದೇ ಎಂದು ಹಿರಿಯರು ಹೇಳುತ್ತಿದ್ದರು. ನಿಮ್ಮತ್ತೆಯ ಕೈ ಮೇಲಿದ್ದದ್ದು ಚುಕ್ಕಿಯೋ, ಬಳ್ಳಿಯೋ, ತವರಿನ ದೇವರ ಗುರುತೋ ನೀವು ಬರೆದಿಲ್ಲ. ಏನೇ ಇರಲಿ, ಆ ಕೈಯನ್ನೇ ಚಾಚಿ ಅವರು ಕರ್ತನ ರೊಟ್ಟಿಯನ್ನು ತೆಗೆದುಕೊಂಡರು. ದೀಕ್ಷಾಸ್ನಾನ ಕೊಟ್ಟ ಅಯ್ಯನವರು ಮೊದಲು ಹಚ್ಚೆ ಕೆರೆದು ತೆಗೆಸಿ ಬನ್ನಿ ಅನ್ನಲಿಲ್ಲ. ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ಯೆಹೋವನು ಹೃದಯವನ್ನು ನೋಡುತ್ತಾನೆ ಎಂದು ಸಮುವೇಲನಿಗೆ ಹೇಳಿದ ದೇವರೇ ಅವರನ್ನು ಸ್ವೀಕರಿಸಿದ್ದಾರೆ. "ಅಜ್ಜಿ ಪಾಪಿಯಾ" ಎಂದು ಮಗ ಕೇಳಿದಾಗ ನೀವು ತಡವರಿಸಬೇಕಾಗಿಲ್ಲ. ನಾವೆಲ್ಲರೂ ಕೃಪೆಯಿಂದ ಬದುಕುವ ಪಾಪಿಗಳೇ, ಆದರೆ ಅಜ್ಜಿಯ ಹಚ್ಚೆ ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿ.

ನಿಮ್ಮ ಅಕ್ಕನ ಮಾತಿಗೆ ಬರೋಣ. ಕೆಥೋಲಿಕ್ ಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಹಚ್ಚೆಯನ್ನು ನಿಷೇಧಿಸುವ ವಿಧಿ ಇಲ್ಲ. ಆರೋಗ್ಯ ಕಾಪಾಡಿಕೊಳ್ಳಬೇಕು, ಹಾಗೆಯೇ ದೇಹವನ್ನು ಪೂಜಾವಸ್ತುವನ್ನಾಗಿ ಮಾಡಿಕೊಳ್ಳಬಾರದು ಎಂಬ ಮಾತುಗಳು ಅಲ್ಲಿವೆ. 2018ರ ಮಾರ್ಚಿನಲ್ಲಿ ರೋಮಿನಲ್ಲಿ ಯುವಜನರ ಸಭೆಯೊಂದರಲ್ಲಿ ಗುರು ಅಭ್ಯರ್ಥಿಯೊಬ್ಬರು ಇದೇ ವಿಷಯ ಕೇಳಿದಾಗ, ಹಚ್ಚೆಗೆ ಹೆದರಬೇಡಿ ಎಂದು ಪೋಪ್ ಫ್ರಾನ್ಸಿಸ್ ಹೇಳಿದರು. ಎರಿಟ್ರಿಯದ ಕ್ರೈಸ್ತರು ಹಣೆಯ ಮೇಲೆ ಶಿಲುಬೆ ಹಾಕಿಸಿಕೊಳ್ಳುವುದನ್ನು ನೆನಪಿಸಿದರು. ಅತಿಯಾಗಬಾರದು, ಆದರೆ ಹಚ್ಚೆ ತಾನು ಯಾರಿಗೆ ಸೇರಿದವನು ಎಂಬುದರ ಗುರುತು, ಅದನ್ನೇ ನೆಪ ಮಾಡಿಕೊಂಡು ಆ ಯುವಕನ ಜತೆ ಮಾತಿಗೆ ಕೂರಿ ಎಂಬುದು ಅವರ ಸಲಹೆಯ ಸಾರ. ನಾನು ಕೆಥೋಲಿಕನಲ್ಲ, ಆದರೂ ಈ ಸಲಹೆ ನನಗೆ ಒಪ್ಪಿಗೆ.

ಕೆಥೋಲಿಕರ ಇನ್ನೊಂದು ಬೋಧನೆಯನ್ನು ನಿಮ್ಮ ಮಗನಿಗೆ ಖಂಡಿತ ಹೇಳಿ. ದೀಕ್ಷಾಸ್ನಾನ ಮನುಷ್ಯನ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆ, ಅವನು ಕ್ರಿಸ್ತನವನು ಎಂಬ ಆ ಗುರುತನ್ನು ಯಾವ ಪಾಪವೂ ಅಳಿಸಲಾರದು ಎಂದು ಅವರು ಕಲಿಸುತ್ತಾರೆ. ಪವಿತ್ರಾತ್ಮನಿಂದ ಮುದ್ರೆ ಹೊಂದಿದ್ದೀರಿ ಎಂದು ಎಫೆಸದವರಿಗೆ ಪೌಲನೂ ಬರೆದ. ಅಂದರೆ ಹಚ್ಚೆ ಹಾಕಿಸಿಕೊಂಡರೆ ನಿಮ್ಮ ಮಗ ಹೆಚ್ಚು ಕ್ರೈಸ್ತನಾಗುವುದಿಲ್ಲ, ಹಾಕಿಸಿಕೊಳ್ಳದಿದ್ದರೆ ಕಡಿಮೆಯಾಗುವುದಿಲ್ಲ. ಆ ಗುರುತು ಅವನ ಮೇಲೆ ಮೊದಲೇ ಇದೆ.

ಈಗ ಮತ್ತೆ ಆ "ಸತ್ತವರಿಗಾಗಿ" ಎಂಬ ಮಾತು. ಶಿಲುಬೆಯ ಜತೆಗಿನ ಅಜ್ಜಿಯ ಹೆಸರು, ನಿರೀಕ್ಷೆಯಿಲ್ಲದವರ ರೋದನ ಅಲ್ಲ ಎಂದೇ ನನಗೆ ಅನ್ನಿಸುತ್ತದೆ. ನಮ್ಮ ಸಮಾಧಿಗಳ ಮೇಲೂ ನಾವು ಶಿಲುಬೆ ನೆಟ್ಟು ಹೆಸರು ಬರೆಯುತ್ತೇವೆ, ಅದು ಪುನರುತ್ಥಾನದ ನಂಬಿಕೆಯಿಂದ. ಆದರೆ ಆರು ತಿಂಗಳ ದುಃಖ ಇನ್ನೂ ಹಸಿ. ಎತ್ತಿ ಬೆಳೆಸಿದವರನ್ನು ಕಳೆದುಕೊಂಡ ಹುಡುಗ ದೂರದ ಊರಿನ ರೂಮಿನಲ್ಲಿ ಒಬ್ಬನೇ ಇದ್ದಾನೆ. ಸೂಜಿಯ ನೋವು ಒಳಗಿನ ನೋವನ್ನು ಒಂದು ಗಳಿಗೆ ಮರೆಸುತ್ತದೆ ಎಂಬುದಕ್ಕಾಗಿ ಅವನು ಇದನ್ನು ಬಯಸುತ್ತಿದ್ದರೆ, ಆಗ ಯಾಜಕಕಾಂಡ ಅವನ ಜತೆ ಮಾತಾಡಲೇಬೇಕು. ಅವನು ಊಟ ಸರಿಯಾಗಿ ಮಾಡುತ್ತಿದ್ದಾನೆಯೇ, ನಿದ್ದೆ ಬರುತ್ತಿದೆಯೇ, ಅಜ್ಜಿಯ ಬಗ್ಗೆ ಯಾರ ಹತ್ತಿರವಾದರೂ ಬಾಯಿಬಿಟ್ಟು ಅತ್ತಿದ್ದಾನೆಯೇ ಎಂದು ಕೇಳಿ. ಹಚ್ಚೆಯ ಮಾತಿಗಿಂತ ಮೊದಲು ಈ ಮಾತು ಆಗಲಿ. ವರ್ಷದ ಸ್ಮರಣೆಯ ಪ್ರಾರ್ಥನೆ ಮುಗಿಯುವ ತನಕ ತಡೆದುಕೋ, ಆಗಲೂ ಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ ಎಂದು ಹೇಳುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ದಾರಿ. ಅವನಿಗೆ 21, ತೀರ್ಮಾನ ಅವನದು. ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಅವನ ಮೇಲಿದೆ, ಮಕ್ಕಳನ್ನು ಕೆರಳಿಸಬೇಡಿ ಎಂಬ ಆಜ್ಞೆ ನಿಮ್ಮ ಮೇಲೂ ಇದೆ.

ಸಭಾಪಾಲಕರ ಜತೆ ವಚನಕ್ಕೆ ವಚನ ಹೊಡೆಯುವ ಜಗಳಕ್ಕೆ ಇಳಿಯಬೇಡಿ. ಅವರು ಕಾಳಜಿಯಿಂದಲೇ ಹೇಳಿದ್ದಾರೆ. ಫ್ಯಾಷನ್ನಿಗೆ ಬಿದ್ದು ಪ್ರೇಯಸಿಯ ಹೆಸರು, ತಲೆಬುರುಡೆ, ಏನೇನೋ ಹಾಕಿಸಿಕೊಂಡು ಆಮೇಲೆ ಅಳುವ ಹುಡುಗರನ್ನು ಅವರು ನೋಡಿರುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇಂಥ ಭಿನ್ನಾಭಿಪ್ರಾಯಕ್ಕಾಗಿಯೇ ಇದೆ. ಎಲ್ಲವನ್ನೂ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು, ಸಂಶಯಪಡುತ್ತಲೇ ಮಾಡುವುದು ಪಾಪ. ಮಗನಿಗೆ ಮನಸ್ಸಿನಲ್ಲಿ ಅಳುಕು ಇದ್ದರೆ ಅವನು ಹಾಕಿಸಿಕೊಳ್ಳದಿರಲಿ. ಅಳುಕಿಲ್ಲದಿದ್ದರೆ, ಹಾಕಿಸಿಕೊಂಡ ಮೇಲೆ ಸಭೆಯಲ್ಲಿ ಅದನ್ನು ಸವಾಲಿನಂತೆ ತೋರಿಸಿಕೊಂಡು ಓಡಾಡದಿರಲಿ. ಹಚ್ಚೆ ಇದೆಯೆಂದು ಯಾರನ್ನಾದರೂ ಪ್ರಭುಭೋಜನದಿಂದ ದೂರ ಇಡಲು ಸತ್ಯವೇದದಲ್ಲಿ ಆಧಾರವಿಲ್ಲ ಎಂಬುದನ್ನು ನೀವು ವಿನಯದಿಂದ ಅವರಿಗೆ ಹೇಳಬಹುದು.

ಕೆಲವು ವ್ಯಾವಹಾರಿಕ ಮಾತುಗಳು. ಮಗನಿಗೆ ಸೈನ್ಯ ಅಥವಾ ಕೇಂದ್ರ ಸಶಸ್ತ್ರ ಪಡೆಗಳಿಗೆ ಸೇರುವ ಆಸೆಯಿದ್ದರೆ ಮೊದಲು ನೇಮಕಾತಿ ನಿಯಮ ಓದಲಿ. ಕೇಂದ್ರ ಸಶಸ್ತ್ರ ಪಡೆಗಳ ನಿಯಮದಲ್ಲಿ ಧಾರ್ಮಿಕ ಚಿಹ್ನೆ, ಹೆಸರುಗಳಿಗೆ ಅವಕಾಶವಿದೆ. ಆದರೆ ಅದು ಸಲ್ಯೂಟ್ ಹೊಡೆಯದ ಎಡಗೈಯ ಮುಂಗೈ ಒಳಮೈ ಅಥವಾ ಹಿಂಗೈ ಮೇಲೆ, ಆ ಭಾಗದ ಕಾಲುಭಾಗಕ್ಕಿಂತ ಚಿಕ್ಕದಾಗಿರಬೇಕು. ಹಚ್ಚೆ ಹಾಕಿಸಿಕೊಂಡ ಮೇಲೆ ಸಾಮಾನ್ಯವಾಗಿ ಒಂದು ವರ್ಷ ರಕ್ತದಾನಕ್ಕೆ ತೆಗೆದುಕೊಳ್ಳುವುದಿಲ್ಲ. ಜಾತ್ರೆ ಬೀದಿಯಲ್ಲಿ ಒಂದೇ ಸೂಜಿಯಲ್ಲಿ ಹತ್ತಾರು ಮಂದಿಗೆ ಹಾಕುವವರ ಹತ್ತಿರ ಹೋಗಲೇಬಾರದು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಅಪಾಯ ಅಲ್ಲಿದೆ. ಸೂಜಿಯ ಪೊಟ್ಟಣವನ್ನು ತನ್ನ ಕಣ್ಣೆದುರೇ ಒಡೆಯುವುದನ್ನು, ಶಾಯಿಯನ್ನು ಹೊಸ ಬಟ್ಟಲಿಗೆ ಸುರಿಯುವುದನ್ನು, ಕೈಗವಸು ಬದಲಾಯಿಸುವುದನ್ನು ಅವನು ನೋಡಿಕೊಳ್ಳಬೇಕು. ಲೇಸರ್‌ನಲ್ಲಿ ತೆಗೆಸಬಹುದು ಎಂಬ ಧೈರ್ಯದಲ್ಲಿ ಹಾಕಿಸಿಕೊಳ್ಳುವುದು ಬೇಡ. ಅದಕ್ಕೆ ಹಲವು ಸಲ ಹೋಗಬೇಕು, ಖರ್ಚೂ ನೋವೂ ಹೆಚ್ಚು, ಗುರುತು ಪೂರ್ತಿ ಹೋಗುತ್ತದೆಂಬ ಖಾತರಿಯೂ ಇಲ್ಲ.

ಇಷ್ಟೆಲ್ಲ ಮಾತಾಡುವ ಮೊದಲೇ ಅವನು ಹಾಕಿಸಿಕೊಂಡು ಬಂದುಬಿಟ್ಟರೆ, ನೆಂಟರಿಷ್ಟರ ಎದುರು ಬೈಯಬೇಡಿ. ಕೈ ಹಿಡಿದು ನೋಡಿ, ಅಜ್ಜಿಯ ಹೆಸರಿನ ಅಕ್ಷರ ಸರಿಯಾಗಿದೆಯೇ ಓದಿ. ಮೊದಲ ಎರಡು ಮೂರು ವಾರ ದಿನಾ ಸಾಬೂನು ನೀರಿನಿಂದ ಮೆಲ್ಲಗೆ ತೊಳೆಯಲಿ, ಕೆರೆ, ಈಜುಕೊಳಕ್ಕೆ ಇಳಿಯದಿರಲಿ, ಬಿಸಿಲಿಗೆ ಒಡ್ಡದಿರಲಿ, ಸಿಪ್ಪೆ ಎದ್ದರೆ ಕೀಳದಿರಲಿ. ಸುತ್ತಲಿನ ಕೆಂಪು ಹರಡುತ್ತ ಹೋದರೆ, ಕೀವು ಅಥವಾ ಜ್ವರ ಕಂಡರೆ ಮನೆಮದ್ದು ಹಚ್ಚುತ್ತ ಕೂರದೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.